ಉಬ್ಬಸಕ್ಕೆ ಸ್ಟಿರಾಯ್ಡ್ ಔಷಧ

ಉಬ್ಬಸದ ಮಗುವನ್ನು ಕರೆತಂದ ತಾಯಂದಿರು ವೈದ್ಯರನ್ನು ಮೊಟ್ಟಮೊದಲು ಕೇಳುವುದು, "ಡಾಕ್ಟ್ರೇ, ಇದರಲ್ಲಿ ಸ್ಟಿರಾಯ್ಡ್ ಇಲ್ಲ ತಾನೆ?" ಎಂದು. ಇದೆ ಎಂದರೆ ಮುಖ ಬಾಡುತ್ತದೆ. ಔಷಧದ ಚೀಟಿ ಕೈಚೀಲ ಸೇರಿ ಅಲ್ಲಿಯೇ ಉಳಿಯುತ್ತದೆ. ಈ ಅಂಜಿಕೆ ಬುಡವಿಲ್ಲದ್ದೇನೂ ಅಲ್ಲ. ಆದರೆ ಹೆದರಬೇಕಾದಲ್ಲಿ ಹೆದರದೆ, ಹೆದರಬೇಕಾಗಿಲ್ಲದಲ್ಲಿ ನಾವು ಹೆದರುತ್ತಿದ್ದೇವೆ.

ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಎರಡು ಪುಟ್ಟ ಗ್ರಂಥಿಗಳು ಕುಳಿತಿವೆ. ಅವಕ್ಕೆ ಅಡ್ರಿನಲ್ ಎಂದು ಹೆಸರು. ಅವು ದಿನವೂ ಒಸರುವ ಕಾರ್ಟಿಸಾಲ್ ಇಲ್ಲದೆ ಯಾರೂ ಬದುಕಲಾರರು. ಅದೇ ಜಾತಿಯ ಕಾರ್ಟಿಸೋನನ್ನು 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಹೆಂಚ್ ಮತ್ತು ಕೆಂಡಾಲ್ ಎಂಬವರು ಕೀಲುವಾತದ ರೋಗಿಗೆ ಕೊಟ್ಟು ನೋಡಿದರು. 1950ರಲ್ಲಿ ರೈಕ್‌ಸ್ಟೈನ್ ಎಂಬ ವಿಜ್ಞಾನಿಯೊಡನೆ ಅವರಿಗೆ ನೊಬೆಲ್ ಬಹುಮಾನ ಬಂತು. ಬೇಗನೆ ಉಬ್ಬಸದವರಿಗೂ ಇದನ್ನು ಕೊಡತೊಡಗಿದರು. ಗುಣ ಕಂಡಿತು. ಆದರೆ ತಿಂಗಳುಗಟ್ಟಲೆ ನುಂಗಿದವರ ಮುಖ ಚಂದ್ರನಂತೆ ಗುಂಡಾಗಿ ಊದಿತು, ಮೂಳೆ ಸವೆಯಿತು, ರಕ್ತದ ಸಕ್ಕರೆ ಏರಿತು, ಕಣ್ಣಿಗೆ ಪೊರೆ ಬಂತು. ಇಂದಿನ ಭಯದ ಬೇರು ಇಲ್ಲಿದೆ.

ರೋಗವಿರುವುದು ಶ್ವಾಸನಾಳದಲ್ಲಿ, ಔಷಧ ಮೈಯೆಲ್ಲ ಸುತ್ತುವುದೇಕೆ? ಈ ಯೋಚನೆಯಿಂದ ಹುಟ್ಟಿದ, ಬಾಯಿಂದ ಸೇದಿಕೊಳ್ಳುವ ಬೆಕ್ಲೊಮೆಥಸೋನ್ 1972ರಲ್ಲಿ ಬಳಕೆಗೆ ಬಂತು. ಲೆಕ್ಕ ನೋಡಿ. ಜೋರಾದ ಉಬ್ಬಸಕ್ಕೆ ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಗುಳಿಗೆ ಕೊಡುವುದುಂಟು. ಸೇದುವ ಬುಡೆಸೊನೈಡ್ ಅನೇಕರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ತೂಕದಲ್ಲಿ ಅದರ ನೂರರಲ್ಲೊಂದು ಪಾಲು! ಬರಿಯ ತೂಕದಿಂದ ಅಳೆಯುವುದು ಪೂರ್ತಿ ನ್ಯಾಯವಲ್ಲ. ಸೇದುವ ಔಷಧದ ಬಲ ಹೆಚ್ಚು. ಆದರೆ ಅದರಲ್ಲಿ ಹೊಟ್ಟೆಗೆ ಇಳಿದದ್ದರ ಬಹುಪಾಲನ್ನು ಯಕೃತ್ತು ನಿಷ್ಫಲಗೊಳಿಸುತ್ತದೆ. ಹಾಗೆಂದು ಅದು ನೀರಲ್ಲ. ಗಂಟಲು ಕಟ್ಟಬಹುದು, ಬಾಯಲ್ಲಿ ಬಿಳಿಯ ಅಗ್ರ ಕಾಣಬಹುದು. ಸೇದಿದ ಕೂಡಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಇವು ಬಹಳ ಮಟ್ಟಿಗೆ ತಪ್ಪುತ್ತವೆ. ವರ್ಷಗಟ್ಟಲೆ ಸೇದಿದ ಮಕ್ಕಳ ಎತ್ತರ ಸುಮಾರು 1 ಸೆಂಟಿಮೀಟರ್ ಕಡಿಮೆಯಾಗಬಹುದು. ರಾತ್ರಿಯಿಡೀ ಎದ್ದು ಕುಳಿತು ಏದುಸಿರು ಬಿಡುವ ಮಗುವನ್ನು ಕಂಡ ಯಾವ ತಾಯಿಯೂ ಆ ಒಂದು ಸೆಂಟಿಮೀಟರಿಗೆ ಚೌಕಾಸಿ ಮಾಡಲಾರಳು.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಅಪಾಯದ್ದು. ಸಾಲ್ಬುಟಮಾಲ್ ಎಂಬ ಇನ್‌ಹೇಲರ್ ಸೇದಿದ ಕೆಲವೇ ನಿಮಿಷಗಳಲ್ಲಿ ಉಸಿರು ಸಲೀಸಾಗುತ್ತದೆ. ಸ್ಟಿರಾಯ್ಡ್ ಹಾಗಲ್ಲ, ದಿನಗಳು, ವಾರಗಳು ಬೇಕು. ಹೀಗಾಗಿ ಜನ ಮೊದಲನೆಯದನ್ನು ಜೇಬಿನಲ್ಲಿಟ್ಟುಕೊಂಡು ಎರಡನೆಯದನ್ನು ಮೂಲೆಗೆ ಹಾಕುತ್ತಾರೆ. ಬಚ್ಚಲ ಮೋರಿ ಕಟ್ಟಿದಾಗ ಕೋಲಿನಿಂದ ಚುಚ್ಚಿದರೆ ನೀರು ಹರಿದೀತು, ಕಸ ಅಲ್ಲಿಯೇ ಇರುತ್ತದೆ. ಶ್ವಾಸನಾಳದ ಒಳಗಿನ ಊತವೇ ಆ ಕಸ. ಅದನ್ನು ಇಳಿಸುವುದು ಸ್ಟಿರಾಯ್ಡ್. ಬರಿಯ ಸಾಲ್ಬುಟಮಾಲಿನಿಂದ ದೊಡ್ಡವರಿಗೂ ಹದಿಹರೆಯದವರಿಗೂ ಚಿಕಿತ್ಸೆ ನಡೆಸಬಾರದೆಂದು 2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿಯಾದ ಗಿನಾ ಸ್ಪಷ್ಟವಾಗಿ ಹೇಳಿತು.

ಹಾಗಾದರೆ ಹೆದರಬೇಕಾದುದು ಯಾವುದಕ್ಕೆ? ಚೀಟಿಯಿಲ್ಲದೆ ಅಂಗಡಿಯಿಂದ ತಂದು ತಿಂಗಳಾನುಗಟ್ಟಲೆ ನುಂಗುವ ಗುಳಿಗೆಗೆ. ಹೆಸರು ವಿಳಾಸವಿಲ್ಲದ ಪೊಟ್ಟಣದ ಪುಡಿಗೆ. ಇಂಥ ಕೆಲವು 'ನಾಟಿ' ಪುಡಿಗಳನ್ನು ಪರೀಕ್ಷಿಸಿದಾಗ ಸ್ಟಿರಾಯ್ಡ್ ಬೆರೆಸಿದ್ದು ಕಂಡುಬಂದಿದೆ. ಇನ್‌ಹೇಲರಿನ ಸ್ಟಿರಾಯ್ಡ್ ಬೇಡವೆಂದು ಓಡಿದವರು ಅದನ್ನೇ ಚಮಚದಲ್ಲಿ ತಿನ್ನುವ ವಿಚಿತ್ರ ಇದು! ಬಹುಕಾಲ ನುಂಗಿದವರ ಅಡ್ರಿನಲ್ ಗ್ರಂಥಿಗಳು ಕೆಲಸ ಮರೆತು ನಿದ್ದೆ ಹೋಗಿರುತ್ತವೆ. ಅಂಥವರು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ಗುಳಿಗೆಯೇ ಬೇಡವೆಂದು ಮಾತ್ರ ಹಟ ಹಿಡಿಯಬೇಡಿ. ಉಬ್ಬಸ ಕೆರಳಿದಾಗ ವೈದ್ಯರು ಕೊಡುವ ಐದಾರು ದಿನದ ಗುಳಿಗೆ ಎಷ್ಟೋ ಜೀವ ಉಳಿಸಿದೆ. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಗು ಸುಸ್ತಾಗಿ ಮಂಪರಿಗೆ ಜಾರಿದರೆ, ಸಾಲ್ಬುಟಮಾಲ್ ಸೇದಿಸುತ್ತಲೇ ಆಸ್ಪತ್ರೆಗೆ ಹೊರಡಿ, ಬೆಳಗಾಗಲೆಂದು ಕಾಯಬೇಡಿ.