ಸುಗ್ಗಿಗೆ ಮುಂಚೆ ಆಡಿದ ಮಾತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗೆ ವರ್ಷದ ಸಂಬಳಕ್ಕೆ ಆಳು ಇಟ್ಟುಕೊಂಡವರಿಗೆ ಈ ಪ್ರಸಂಗ ಹೊಸದಲ್ಲ. ಬಿಳಿಜೋಳ ಇನ್ನೂ ಹೊಲದಲ್ಲಿ ನಿಂತಿರುತ್ತದೆ. ಆಳು ಬಂದು, "ಗೌಡ್ರ, ಬರೋ ಯುಗಾದಿಯಿಂದ ನಾ ಇರಂಗಿಲ್ರಿ" ಎನ್ನುತ್ತಾನೆ. ಈಗಲೇ ಕಳಿಸಿಬಿಡಬೇಕೆ, ರಾಶಿ ಆಗುವತನಕ ಇಟ್ಟುಕೊಳ್ಳಬೇಕೆ? ಗೌಡರಿಗೆ ಆ ರಾತ್ರಿ ನಿದ್ದೆಯಿಲ್ಲ.

ಶ್ರೋತೃಗಳೆ, ದೇಶದೇಶಗಳ ಫುಟ್‌ಬಾಲ್ ತಂಡಗಳಿಗೂ ಇದೇ ಇಕ್ಕಟ್ಟು ಬಂದದ್ದುಂಟು. 1990ರಲ್ಲಿ ಇಂಗ್ಲೆಂಡ್ ತಂಡದ ಮ್ಯಾನೇಜರ್ ಬಾಬಿ ರಾಬ್ಸನ್ ಅವರಿಗೆ ಮುಂದುವರಿಸುವ ಭರವಸೆ ಸಿಗಲಿಲ್ಲ. ವಿಶ್ವಕಪ್ ಮುಗಿದ ಮೇಲೆ ತಾವು ಹಾಲೆಂಡಿನ ಪಿ.ಎಸ್.ವಿ. ಕ್ಲಬ್ಬಿಗೆ ಹೋಗುವುದಾಗಿ ಅವರು ಮೊದಲೇ ತಿಳಿಸಿದರು. ಪತ್ರಿಕೆಗಳು ದ್ರೋಹಿಯೆಂದು ಜರೆದವು. ಆದರೂ ಅವರನ್ನು ತೆಗೆಯಲಿಲ್ಲ. ಆ ತಂಡ ಸೆಮಿಫೈನಲ್ ಮುಟ್ಟಿ, ಪೆನಾಲ್ಟಿಯಲ್ಲಿ ಪಶ್ಚಿಮ ಜರ್ಮನಿಗೆ ಸೋತಿತು. 1966ರ ತರುವಾಯ ಇಂಗ್ಲೆಂಡ್ ಅಷ್ಟು ದೂರ ಹೋದದ್ದು ಅದೇ ಮೊದಲು.

2018ರಲ್ಲಿ ಸ್ಪೇನ್ ಬೇರೆ ದಾರಿ ಹಿಡಿಯಿತು. ತರಬೇತುದಾರ ಹುಲೆನ್ ಲೊಪೆಟೆಗಿ ಅವರ ಕೈಕೆಳಗೆ ತಂಡ 20 ಪಂದ್ಯಗಳಲ್ಲಿ ಒಮ್ಮೆಯೂ ಸೋತಿರಲಿಲ್ಲ. ಮೇ ತಿಂಗಳಲ್ಲಿ ಅವರು 2020ರವರೆಗೆ ಕರಾರು ಬರೆದುಕೊಟ್ಟಿದ್ದರು. ಜೂನ್ 12ರಂದು, ವಿಶ್ವಕಪ್ಪಿನ ತರುವಾಯ ಅವರು ತಮ್ಮಲ್ಲಿಗೆ ಬರುವರೆಂದು ರಿಯಲ್ ಮ್ಯಾಡ್ರಿಡ್ ಕ್ಲಬ್ ಪ್ರಕಟಿಸಿತು. ಆಳು ಬಾಯಿ ಬಿಡುವ ಮೊದಲೇ ನೆರೆಯೂರಿನವರು ಡಂಗುರ ಹೊಡೆಸಿದಂತಾಯಿತು! ಮರುದಿನವೇ ಅವರನ್ನು ತೆಗೆದುಹಾಕಿದರು. ಮೊದಲ ಪಂದ್ಯಕ್ಕೆ ಎರಡೇ ದಿನವಿತ್ತು. ಫರ್ನಾಂಡೊ ಹಿಯೆರೊ ಬಂದರು. ಪೋರ್ಚುಗಲ್ ಜತೆ 3-3 ಸಮವಾಯಿತು. ನಾಕೌಟಿನ ಮೊದಲ ಸುತ್ತಿನಲ್ಲಿಯೇ ರಷ್ಯಾದ ಎದುರು ಪೆನಾಲ್ಟಿಯಲ್ಲಿ ಆಟ ಮುಗಿಯಿತು. ಹೊರಟದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು ಎಂದೇ ನನ್ನ ಎಣಿಕೆ. ಆದರೆ ಸಿಟ್ಟಿನ ದಂಡ ತೆತ್ತವರು ಆಟಗಾರರು.

ಬಾಗಿಲ ಬಳಿ ನಿಂತು ನೇರವಾಗಿ ಹೇಳಿದ ಆಳೂ ನಮ್ಮಲ್ಲಿದ್ದಾರೆ. ಅವರು ಕ್ರಿಕೆಟ್ಟಿನವರು, ಬೆಂಗಳೂರಿನ ರಾಹುಲ್ ದ್ರಾವಿಡ್. 2024ರ ಟಿ-20 ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಪಂದ್ಯಕ್ಕೆ ಮುಂಚೆಯೇ, ತರಬೇತುದಾರನಾಗಿ ಇದು ತಮ್ಮ ಕೊನೆಯ ಪಂದ್ಯಾವಳಿ ಎಂದು ನ್ಯೂಯಾರ್ಕಿನಲ್ಲಿ ತಿಳಿಸಿದರು. ಯಾರೂ ಡಂಗುರ ಹೊಡೆಯಲಿಲ್ಲ, ಯಾರೂ ಸಿಟ್ಟಾಗಲಿಲ್ಲ. 2007ರಲ್ಲಿ ಅವರೇ ನಾಯಕರಾಗಿದ್ದಾಗ ಭಾರತ ಮೊದಲ ಸುತ್ತಿನಲ್ಲಿಯೇ ಸೋತು ಮರಳಿದ್ದು ಅದೇ ವೆಸ್ಟ್ ಇಂಡೀಸಿನ ನೆಲದಿಂದ. ಜೂನ್ 29ರಂದು ಬಾರ್ಬಡೋಸಿನಲ್ಲಿ ದಕ್ಷಿಣ ಆಫ್ರಿಕವನ್ನು 7 ರನ್ನುಗಳಿಂದ ಗೆದ್ದಾಗ ಕಪ್ಪು ಅವರ ಕೈಗೆ ಬಂತು. ಎಂದೂ ದನಿ ಎತ್ತದ ಮನುಷ್ಯ ಗಂಟಲು ಹರಿಯುವಂತೆ ಕೂಗಿದರು. ಆಮೇಲೆ ನಗುತ್ತ, ಮುಂದಿನ ವಾರದಿಂದ ತಮಗೆ ಕೆಲಸವಿಲ್ಲ, ಯಾರಾದರೂ ಕೊಡುವಿರಾ ಎಂದು ಕೇಳಿದರು.