ಸೌರವಿದ್ಯುತ್ತು: ಹೆಂಚೋ, ಫಲಕವೋ?



ಬಿಸಿಲಿನಿಂದ ಮನೆಗೆ ವಿದ್ಯುತ್ ಪಡೆಯಲು ಎರಡು ಬಗೆಯ ಸಾಧನಗಳಿವೆ. ಒಂದು, ಮಾಳಿಗೆಯ ಮೇಲೆ ಚೌಕಟ್ಟಿಗೆ ಬಿಗಿಯುವ ಸೌರಫಲಕ. ಇನ್ನೊಂದು, ತಾನೇ ಛಾವಣಿಯಾಗಿ ಮಳೆಯನ್ನೂ ತಡೆಯುವ ಸೌರಹೆಂಚು. ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ?

ಮೊದಲು ಛಾವಣಿಯನ್ನು ನೋಡಿ. ಹೆಂಚಿಗೆ ಇಳಿಜಾರು ಬೇಕು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಂಥ ಮನೆಗಳುಂಟು. ಇಲ್ಲಿನ ಮಣ್ಣಿನ ಮಾಳಿಗೆಯಾಗಲಿ, ಆರ್‌ಸಿಸಿ ಛಾವಣಿಯಾಗಲಿ ಸಮತಟ್ಟು. ಅದರ ಮೇಲೆ ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ, ಈ ಊರುಗಳ ಅಕ್ಷಾಂಶಕ್ಕೆ ತಕ್ಕಂತೆ ಸುಮಾರು 17 ಡಿಗ್ರಿ ಓರೆಯಾಗಿ ನಿಲ್ಲಿಸಬಹುದು.

ಎರಡನೆಯದು ಉಷ್ಣತೆ. ಸೌರಕೋಶಕ್ಕೆ ಬೆಳಕು ಬೇಕು, ಕಾವು ಬೇಡ. ಸಿಲಿಕಾನ್ ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಮೀರಿದರೆ, ಪ್ರತಿ ಡಿಗ್ರಿಗೆ ಉತ್ಪಾದನೆ ಸುಮಾರು ಶೇ. 0.4ರಷ್ಟು ಕುಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ ಕೋಶ 65 ಡಿಗ್ರಿಗೆ ಕಾದರೆ ನಷ್ಟ ಶೇ. 16. ಎತ್ತರಿಸಿ ನಿಲ್ಲಿಸಿದ ಫಲಕದ ಅಡಿಯಲ್ಲಿ ಗಾಳಿಯಾಡುತ್ತದೆ. ಛಾವಣಿಗೆ ಅಂಟಿಕೊಂಡ ಹೆಂಚು ಹೆಚ್ಚು ಕಾಯುತ್ತದೆ.

ಆದ್ದರಿಂದ ಈ ತಾಲ್ಲೂಕುಗಳ ಆರ್‌ಸಿಸಿ ಮನೆಗೆ ಫಲಕವೇ ಸರಿ. ಇಳಿಜಾರು ಛಾವಣಿಯ ಹೊಸ ಮನೆ ಕಟ್ಟುವವರು ಸೌರಹೆಂಚಿನ ವಿಚಾರ ಮಾಡಬಹುದು.

ಮಣ್ಣಿನ ಮಾಳಿಗೆಯ ವಿಷಯದಲ್ಲಿ ಎಚ್ಚರವಿರಲಿ. ತೊಲೆ, ಜಂತೆಗಳನ್ನು ಪರೀಕ್ಷಿಸದೆ ಭಾರ ಹೇರಿದರೆ ಮಾಳಿಗೆ ಕುಸಿದೀತು. ಮಣ್ಣು ಕೊರೆದು ಬೋಲ್ಟ್ ಬಿಗಿದರೆ ಮಳೆಗಾಲದಲ್ಲಿ ಸೋರೀತು. ಅಂಥ ಮನೆಯವರು ನೆರಳು ಬೀಳದ ಅಂಗಳದಲ್ಲಿ ಕಂಬ ನೆಟ್ಟು ಫಲಕ ಕೂಡಿಸುವುದು ಲೇಸು.

ಮನೆಯಲ್ಲಿ ಸೌರವಿದ್ಯುತ್ತಿನ ಮಾತು ಬಂದಾಗ, ಅಂಗಡಿಗೆ ಹೋಗುವ ಮುನ್ನ ಮಾಳಿಗೆಯನ್ನು ಪರೀಕ್ಷಿಸಲು ಹಿರಿಯರಿಗೆ ನೀವೇ ಹೇಳಿ.