ಸಂಗಾತಿ ವೀಸಾ: ಇಲ್ಲಿಂದಲೋ, ಊರಿಂದಲೋ?



ಆಸ್ಟ್ರೇಲಿಯಾದವರನ್ನು ಮದುವೆಯಾದ ನಮ್ಮ ಹುಡುಗರು ಕೇಳೋದು ಒಂದೇ: ಅರ್ಜಿ ಇಲ್ಲಿಂದ ಹಾಕೋದಾ, ಊರಿಂದಲಾ?

ಇಲ್ಲಿದ್ದೇ ಹಾಕುವುದು 820. ಕೈಯಲ್ಲಿರೋ ವೀಸಾ ಮುಗಿದ ಮೇಲೂ ಬ್ರಿಡ್ಜಿಂಗ್ ವೀಸಾ ‘ಎ’ ಹಿಡಿದು ಸಂಗಾತಿ ಜೊತೆಗೇ ಇರಬಹುದು. ಆದರೆ ಅದರಲ್ಲಿ ದೇಶ ಬಿಟ್ಟರೆ ಮರಳಿ ಬರೋಕಾಗಲ್ಲ. ನಮ್ಮಲ್ಲೊಬ್ಬರು ಉಮ್ಮನ ಕಾಯಿಲೆ ಸುದ್ದಿ ಕೇಳಿ ರಾತ್ರೋರಾತ್ರಿ ಮಂಗಳೂರಿಗೆ ಹೊರಟಿದ್ದರು. ನಾವೇ ತಡೆದೆವು. ಬ್ರಿಡ್ಜಿಂಗ್ ವೀಸಾ ‘ಬಿ’ ಕೈಗೆ ಬಂದ ಮೇಲೆ ಹೋದರು. ಉಮ್ಮನನ್ನೂ ಕಂಡರು, ವಾಪಸೂ ಬಂದರು.

ಹೊರಗಿದ್ದು ಹಾಕುವುದು 309. ಸಂಗಾತಿಯಿಂದ ದೂರ ಕಾಯಬೇಕಾದೀತು. ಆದರೆ ಅಷ್ಟು ದಿನ ಹೆತ್ತವರ ಹತ್ತಿರ ಇರಬಹುದು.

ವಿಸಿಟ್ ವೀಸಾದಲ್ಲಿ ಬಂದವರು 8503 ಷರತ್ತು ಇದೆಯಾ ಅಂತ ಮೊದಲು ನೋಡಿ. ಇದ್ದರೆ, ವಿನಾಯಿತಿ ಸಿಗದ ಹೊರತು 820ರ ದಾರಿ ಮುಚ್ಚಿದಂತೆ.

ಎರಡೂ ದಾರಿಯಲ್ಲಿ ಮೊದಲು ತಾತ್ಕಾಲಿಕ ವೀಸಾ; ಅರ್ಜಿ ಹಾಕಿ ಸಾಮಾನ್ಯವಾಗಿ 2 ವರ್ಷವಾದ ಮೇಲೆ ಕಾಯಂ ವೀಸಾದ ಪರಿಶೀಲನೆ. ನಿಕಾಹ್ ಪತ್ರ ಒಂದೇ ಸಾಲದು. ಬಾಡಿಗೆ ಕರಾರು, ಜಂಟಿ ಖಾತೆ, ಒಟ್ಟಿಗೆ ಬಾಳುವ ಪುರಾವೆ ಎಲ್ಲ ಜೋಡಿಸಿಡಿ.

ಅರ್ಜಿಗೆ ಸಹಿ ಹಾಕುವ ಮುಂಚೆ ಊರಿಗೊಂದು ಫೋನ್ ಮಾಡಿ. ಹೆತ್ತವರ ಆರೋಗ್ಯ ಹೇಗಿದೆ ಅಂತ ಕೇಳಿ, ಆಮೇಲೆ ದಾರಿ ಆರಿಸೋಣ.